ಕಾರ್ಯಕ್ರಮ ಮುಂದೂಡಿದ್ದಾರೆ, ದುಡ್ಡು ವಾಪಸ್ ಕೊಡಲ್ಲ ಅಂತಾರೆ. ತುಮಕೂರಿನಲ್ಲೇ ದೂರು ಹಾಕಬಹುದಾ? ರೀಸೇಲ್ ಟಿಕೆಟ್ ಕಥೆ ಏನು?

ಶಿರಾಗೇಟ್ (ಪ್ರಶ್ನೆ)

ಬೆಂಗಳೂರು ಹೊರವಲಯದಲ್ಲಿ ನಡೆಯಬೇಕಿದ್ದ ಒಂದು ಸಂಗೀತ ಕಾರ್ಯಕ್ರಮಕ್ಕೆ ಟಿಕೆಟ್ ಆ್ಯಪ್‌ನಲ್ಲಿ ನಾಲ್ಕು ಟಿಕೆಟ್ ಬುಕ್ ಆಗಿವೆ. ಲೆಕ್ಕ ಹೀಗಿದೆ: ಟಿಕೆಟ್‌ಗೆ 2,500ರಂತೆ 10,000, ಅದರ ಮೇಲೆ 18% ಜಿಎಸ್‌ಟಿ 1,800, ಕನ್ವೀನಿಯನ್ಸ್ ಫೀ 600, ಅದರ ಜಿಎಸ್‌ಟಿ 108. ಒಟ್ಟು 12,508 ರೂ. ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದ್ದು.

ಕಾರ್ಯಕ್ರಮಕ್ಕೆ ನಾಲ್ಕು ದಿನ ಇರುವಾಗ ‘ಅನಿವಾರ್ಯ ಕಾರಣಗಳಿಂದ’ ಎರಡು ತಿಂಗಳು ಮುಂದಕ್ಕೆ ಹಾಕಿ, ಜಾಗವನ್ನೂ ಬದಲಾಯಿಸಿದ್ದಾರೆ. ಹಳೇ ಟಿಕೆಟ್ ಹೊಸ ದಿನಕ್ಕೆ ನಡೆಯುತ್ತೆ, ಆದ್ದರಿಂದ ರೀಫಂಡ್ ಇಲ್ಲ ಎನ್ನುವುದು ಆ್ಯಪ್‌ನ ಉತ್ತರ. ಮತ್ತೆ ಕೇಳಿದರೆ ‘ನಾವು ಬರೀ ಮಧ್ಯವರ್ತಿ, ಆಯೋಜಕರನ್ನು ಕೇಳಿ’ ಅಂತಾರೆ. ಷರತ್ತುಗಳಲ್ಲಿ ‘ವ್ಯಾಜ್ಯವೇನಿದ್ದರೂ ಮುಂಬೈ ನ್ಯಾಯಾಲಯಗಳಲ್ಲಿ ಮಾತ್ರ’ ಅಂತಲೂ ಇದೆ.

ಇನ್ನೊಂದು ವಿಷಯ. ಇದೇ ಕಾರ್ಯಕ್ರಮಕ್ಕೆ ಇನ್‌ಸ್ಟಾಗ್ರಾಂನಲ್ಲಿ ಸಿಕ್ಕ ಒಬ್ಬರಿಂದ ಮನೆಯವರು 6,000ದಂತೆ ಇನ್ನೂ ಎರಡು ಟಿಕೆಟ್ ತಗೊಂಡಿದ್ದಾರೆ, ಯುಪಿಐನಲ್ಲಿ ದುಡ್ಡು ಹಾಕಿ. ಅದೇ ಕ್ಯೂಆರ್ ಬೇರೆಯವರಿಗೂ ಮಾರಿರುವುದು ಈಗ ಗೊತ್ತಾಗಿದೆ. ಎರಡನ್ನೂ ಒಂದೇ ದೂರಿನಲ್ಲಿ ಹಾಕಬಹುದಾ? ವಕೀಲರು ಬೇಕಾ? ಖರ್ಚು ಎಷ್ಟು? ಗೊತ್ತಿದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ಬಿಎಚ್‌ರಸ್ತೆ

ಎರಡನ್ನೂ ಬೆರೆಸಬೇಡಿ. ಮೊದಲನೆಯದು ಗ್ರಾಹಕ ವ್ಯಾಜ್ಯ, ಎರಡನೆಯದು ವಂಚನೆ ಪ್ರಕರಣ. ಹೋಗಬೇಕಾದ ಬಾಗಿಲೂ ಬೇರೆ, ಇರುವ ಸಮಯವೂ ಬೇರೆ. ಯುಪಿಐ ದುಡ್ಡಿನ ವಿಷಯದಲ್ಲಿ ಒಂದೊಂದು ಗಂಟೆಯೂ ಮುಖ್ಯ, ಹಾಗಾಗಿ ಇದನ್ನು ಓದುವ ಮುಂಚೆಯೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆ ಭಾಗ ಬಲ್ಲವರು ಇಲ್ಲಿ ಇದ್ದಾರೆ, ಬರೆಯುತ್ತಾರೆ. ನಾನು ನಾಲ್ಕು ಟಿಕೆಟ್‌ಗಳ ವಿಷಯ ಹೇಳುತ್ತೇನೆ.

ತುಮಕೂರಿನಲ್ಲೇ ಹಾಕಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕಲಂ 34(2)(ಡಿ) ಪ್ರಕಾರ ದೂರುದಾರ ವಾಸವಿರುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. 1986ರ ಹಳೇ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ, ಎದುರುದಾರ ಇರುವ ಕಡೆ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಕಡೆ ಹೋಗಬೇಕಿತ್ತು. ಮುಂಬೈ ಷರತ್ತಿಗೆ ಹೆದರಬೇಡಿ. ಕಾಯ್ದೆಯೇ ಕೊಟ್ಟಿರುವ ಆಯ್ಕೆಯನ್ನು ಆ್ಯಪ್‌ನ ಒಂದು ಸಾಲು ಕಿತ್ತುಕೊಳ್ಳಲಾರದು ಎಂಬುದೇ ನಿಮ್ಮ ವಾದ. ಅವರು ಮಧ್ಯಸ್ಥಿಕೆ (ಆರ್ಬಿಟ್ರೇಶನ್) ಷರತ್ತು, ಅಂದರೆ ಕೋರ್ಟ್ ಬದಲು ಖಾಸಗಿ ಮಧ್ಯಸ್ಥರ ಮುಂದೆ ಹೋಗಬೇಕೆಂಬ ಸಾಲು ತೋರಿಸಿದರೂ ಅದು ಗ್ರಾಹಕ ದೂರಿಗೆ ಅಡ್ಡ ಬರುವುದಿಲ್ಲ. ಎಮಾರ್ ಎಂಜಿಎಫ್ ವಿರುದ್ಧ ಅಫ್ತಾಬ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ವಿಳಾಸಕ್ಕೆ ಆಧಾರ್ ಸಾಕು. ಆಧಾರ್‌ನಲ್ಲಿ ಬೇರೆ ಊರಿದ್ದರೆ ಬಾಡಿಗೆ ಕರಾರು, ಕರೆಂಟ್ ಬಿಲ್ ಇಂಥದ್ದು ಸೇರಿಸಿ.

ಖರ್ಚು: ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಆಯೋಗದ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ. ಕಾಲಮಿತಿ ಕಲಂ 69ರಂತೆ ಎರಡು ವರ್ಷ, ಆದರೆ ಅಷ್ಟು ಕಾಯುವುದರಲ್ಲಿ ಅರ್ಥವಿಲ್ಲ. ಅಷ್ಟರಲ್ಲಿ ಆಯೋಜಕರ ಕಂಪನಿಯೇ ಬಾಗಿಲು ಹಾಕಿರಬಹುದು. ಒಂದೊಂದು ಕಾರ್ಯಕ್ರಮಕ್ಕೆಂದೇ ಕಂಪನಿ ಕಟ್ಟುವವರು ಈ ವ್ಯವಹಾರದಲ್ಲಿ ಇದ್ದಾರೆ.

ಈಗ ತಿರುಳಿಗೆ ಬರೋಣ. ನೀವು ಕೊಂಡದ್ದು ಇಂಥ ದಿನ, ಇಂಥ ಜಾಗದ ಕಾರ್ಯಕ್ರಮ. ಎರಡನ್ನೂ ಅವರೇ ಬದಲಾಯಿಸಿದ್ದಾರೆ. ಒಪ್ಪಿದ ಸೇವೆಯನ್ನು ಒಪ್ಪಿದಂತೆ ಕೊಡದಿರುವುದು ಕಲಂ 2(11)ರ ‘ಸೇವಾ ನ್ಯೂನತೆ’. ಅದಕ್ಕಿಂತ ಗಟ್ಟಿಯಾದ ಹಿಡಿತ ಕಲಂ 2(47)(viii)ರಲ್ಲಿದೆ: ನ್ಯೂನತೆಯ ಸೇವೆಯ ಹಣವನ್ನು ಬಿಲ್‌ನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನದಲ್ಲಿ, ವಾಪಸ್ ಕೊಡಲು ಒಪ್ಪದಿರುವುದು ‘ಅನುಚಿತ ವ್ಯಾಪಾರ ಪದ್ಧತಿ’. ದೂರಿನಲ್ಲಿ ಎರಡನ್ನೂ ಹೆಸರಿಸಿ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ‘ಈ ಷರತ್ತೇ ಅನ್ಯಾಯದ ಒಪ್ಪಂದ, ಅದನ್ನು ರದ್ದು ಮಾಡಿ’ ಅಂತ ಬೇಡಿಕೆ ಇಡುತ್ತಾರೆ. ಅನ್ಯಾಯದ ಒಪ್ಪಂದದ ದೂರನ್ನು ಕಾಯ್ದೆ ರಾಜ್ಯ ಆಯೋಗಕ್ಕೂ ಅದರ ಮೇಲಿನದಕ್ಕೂ ಕೊಟ್ಟಿದೆ (ಕಲಂ 47). ಜಿಲ್ಲಾ ಆಯೋಗದಲ್ಲಿ ಆ ಬೇಡಿಕೆ ಇಟ್ಟರೆ ಎದುರುದಾರರಿಗೆ ತಕರಾರು ತೆಗೆಯಲು ನೀವೇ ದಾರಿ ಮಾಡಿಕೊಟ್ಟ ಹಾಗೆ. ನ್ಯೂನತೆ, ಅನುಚಿತ ಪದ್ಧತಿ, ಹಣ ವಾಪಸಾತಿ. ಇಷ್ಟರಲ್ಲೇ ನಿಲ್ಲಿ.

‘ಪೊಲೀಸ್ ಅನುಮತಿ ಸಿಗಲಿಲ್ಲ, ಮಳೆ ಬಂತು, ನಮ್ಮ ಕೈಯಲ್ಲಿರಲಿಲ್ಲ’ ಅಂತ ಅವರು ಹೇಳಬಹುದು. ನಿಜವೇ ಆಗಿದ್ದರೆ ಪರಿಹಾರದ ಮೊತ್ತ ಕಡಿಮೆಯಾದೀತು, ಆದರೆ ಟಿಕೆಟ್ ದುಡ್ಡು ಇಟ್ಟುಕೊಳ್ಳುವ ಹಕ್ಕು ಅದರಿಂದ ಹುಟ್ಟುವುದಿಲ್ಲ. ಒಪ್ಪಂದ ನೆರವೇರಿಸಲು ಸಾಧ್ಯವೇ ಇಲ್ಲದಂತಾದರೆ ಪಡೆದ ಲಾಭವನ್ನು ಹಿಂದಿರುಗಿಸಬೇಕು ಎಂಬುದು 1872ರ ಕರಾರು ಕಾಯ್ದೆಯ ಕಲಂ 56 ಮತ್ತು 65ರಲ್ಲೇ ಇದೆ.

ಯಾರನ್ನು ಎದುರುದಾರ ಮಾಡಬೇಕು? ಇಬ್ಬರನ್ನೂ. ಆಯೋಜಕರು ಒಂದನೇ ಎದುರುದಾರ, ಆ್ಯಪ್ ಎರಡನೆಯದು. ಪೋಸ್ಟರ್ ಮೇಲಿರುವ ಬ್ರ್ಯಾಂಡ್ ಹೆಸರಿಗೆ ನೋಟಿಸ್ ಕಳಿಸಿದರೆ ಅದು ವಾಪಸ್ ಬರುತ್ತೆ, ಏಕೆಂದರೆ ಅದು ಕಾನೂನಿನ ಕಣ್ಣಲ್ಲಿ ವ್ಯಕ್ತಿಯೇ ಅಲ್ಲ. ಟಿಕೆಟ್ ಜೊತೆ ಬಂದ ಇನ್‌ವಾಯ್ಸ್ ತೆಗೆದು ನೋಡಿ. ಅದರಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ನಂಬರ್ ಇರುತ್ತೆ, ಮೊದಲ ಎರಡು ಅಂಕಿ ರಾಜ್ಯದ್ದು (ಕರ್ನಾಟಕಕ್ಕೆ 29), ನಂತರದ ಹತ್ತು ಪ್ಯಾನ್. ಜಿಎಸ್‌ಟಿ ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ಹಾಕಿದರೆ ಕಾನೂನುಬದ್ಧ ಹೆಸರು, ವ್ಯವಹಾರದ ವಿಳಾಸ ಬರುತ್ತೆ. ಸಾಮಾನ್ಯವಾಗಿ ಎರಡು ಇನ್‌ವಾಯ್ಸ್ ಇರುತ್ತವೆ, ಟಿಕೆಟ್‌ಗೆ ಆಯೋಜಕರದ್ದು, ಕನ್ವೀನಿಯನ್ಸ್ ಫೀಗೆ ಆ್ಯಪ್‌ನದ್ದು. ಆಯೋಜಕರದ್ದು ಸಿಗದಿದ್ದರೆ ಆ್ಯಪ್‌ಗೆ ಬರೆದು ಕೇಳಿ. ಇ-ಕಾಮರ್ಸ್ ನಿಯಮಗಳು 2020ರ ನಿಯಮ 5ರ ಪ್ರಕಾರ, ಕೊಂಡ ಮೇಲೆ ಗ್ರಾಹಕ ಲಿಖಿತವಾಗಿ ಕೇಳಿದರೆ ಮಾರಾಟಗಾರರ ಪ್ರಧಾನ ಕಚೇರಿಯ ವಿಳಾಸ, ಇಮೇಲ್ ಎಲ್ಲವನ್ನೂ ಮಧ್ಯವರ್ತಿ ಕೊಡಲೇಬೇಕು. ‘ನಾವು ಬರೀ ಮಧ್ಯವರ್ತಿ’ ಎಂದವರಿಗೆ ಇದೇ ಉತ್ತರ: ಹಾಗಾದರೆ ಮಧ್ಯವರ್ತಿಯ ಕರ್ತವ್ಯ ಮಾಡಿ.

ಮೊದಲ ಹೆಜ್ಜೆ ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಇಮೇಲ್. ಚಾಟ್‌ನಲ್ಲಿ ಮಾತಾಡಿದ್ದು ಲೆಕ್ಕಕ್ಕೆ ಬರಲಿಕ್ಕಿಲ್ಲ, ಕಿಟಕಿ ಮುಚ್ಚಿದರೆ ಅಳಿಸಿಹೋಗುತ್ತೆ. ಅವರ ಹೆಸರು, ವಿಳಾಸ ವೆಬ್‌ಸೈಟ್‌ನಲ್ಲಿ ಹಾಕಿರಬೇಕು. ನಿಯಮದಂತೆ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಹೀಗೆ ಬರೆದರೆ ಸಾಕು:

‘ಬುಕಿಂಗ್ ಸಂಖ್ಯೆ ___. ದಿನಾಂಕ ___ರಂದು ___ನಲ್ಲಿ ನಡೆಯಬೇಕಿದ್ದ ಕಾರ್ಯಕ್ರಮದ ದಿನ ಮತ್ತು ಸ್ಥಳ ಎರಡನ್ನೂ ನೀವು ಏಕಪಕ್ಷೀಯವಾಗಿ ಬದಲಾಯಿಸಿದ್ದೀರಿ. ಬದಲಾದ ದಿನ, ಸ್ಥಳ ನನಗೆ ಒಪ್ಪಿಗೆಯಿಲ್ಲ. ನಾನು ಪಾವತಿಸಿದ ಪೂರ್ಣ 12,508 ರೂಪಾಯಿಗಳನ್ನು ಪಾವತಿಸಿದ ಖಾತೆಗೇ 15 ದಿನದಲ್ಲಿ ಹಿಂದಿರುಗಿಸಿ. ವೋಚರ್ ಅಥವಾ ವಾಲೆಟ್ ಜಮೆಗೆ ನನ್ನ ಸಮ್ಮತಿ ಇಲ್ಲ.’

ಆ ಕೊನೆಯ ವಾಕ್ಯ ಬಿಡಬೇಡಿ. ವಾಲೆಟ್‌ಗೆ ದುಡ್ಡು ಹಾಕಿ ‘ರೀಫಂಡ್ ಆಯ್ತು’ ಅಂತ ಆಯೋಗದ ಮುಂದೆ ಹೇಳುವ ಸಾಧ್ಯತೆಯಿದೆ. ಹೊಸ ದಿನದ ಟಿಕೆಟ್‌ಗೆ ‘ಕನ್‌ಫರ್ಮ್’ ಒತ್ತುವಂತೆ ಸಂದೇಶ ಬಂದರೆ ಒತ್ತಬೇಡಿ, ಅದು ಒಪ್ಪಿಗೆಯಾಗುತ್ತೆ.

ಚಿಂತಾಮಣಿ_ಲೆಕ್ಕಪತ್ರ

ಮೇಲಿನದಕ್ಕೆ ಲೆಕ್ಕದ ಕಡೆಯಿಂದ ಎರಡು ಮಾತು.

‘ಜಿಎಸ್‌ಟಿ ಸರ್ಕಾರಕ್ಕೆ ಕಟ್ಟಿಯಾಗಿದೆ, ಅದನ್ನು ವಾಪಸ್ ಕೊಡಲಾಗದು’ ಅಂತ 1,800 ರೂ. ಹಿಡಿದುಕೊಂಡರೆ ಅದು ಒಪ್ಪುವ ಮಾತಲ್ಲ. ಸೇವೆ ಕೊಡದಿದ್ದಾಗ ಮಾರಾಟಗಾರ ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ಕಾಯ್ದೆಯ ಕಲಂ 34ರಲ್ಲಿ ಕ್ರೆಡಿಟ್ ನೋಟ್ (ಬಿಲ್ ಮೊತ್ತ ಕಡಿಮೆ ಮಾಡಿದ್ದಕ್ಕೆ ಕೊಡುವ ಚೀಟಿ) ಕೊಟ್ಟು ತನ್ನ ತೆರಿಗೆಯನ್ನು ಹೊಂದಿಸಿಕೊಳ್ಳಬಹುದು. ಆ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30ರವರೆಗೆ (ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದ್ದರೆ ಅಲ್ಲಿಯವರೆಗೆ) ಅವಕಾಶವಿದೆ. ನಿಮ್ಮ ಇಮೇಲ್‌ನಲ್ಲಿ ‘ಕ್ರೆಡಿಟ್ ನೋಟ್ ಕಳಿಸಿ’ ಅಂತ ಒಂದು ಸಾಲು ಸೇರಿಸಿ. ಈ ಪದ ಕಂಡರೆ ಕಡತ ಅವರ ಅಕೌಂಟ್ಸ್ ವಿಭಾಗಕ್ಕೆ ಹೋಗುತ್ತೆ, ಬರೀ ಕಸ್ಟಮರ್ ಕೇರ್‌ನಲ್ಲಿ ಕೊಳೆಯುವುದಿಲ್ಲ.

ಸಂಬಂಧಪಟ್ಟ ಇನ್ನೊಂದು: ಸಂಗೀತ, ನಾಟಕ, ನೃತ್ಯ ಕಾರ್ಯಕ್ರಮದ ಪ್ರವೇಶ ದರ ತಲೆಗೆ 500 ರೂ. ಮೀರದಿದ್ದರೆ ಜಿಎಸ್‌ಟಿ ವಿನಾಯಿತಿ ಇದೆ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ನಾಟಕಕ್ಕೆ 300 ರೂಪಾಯಿ ಟಿಕೆಟ್ ಇಟ್ಟರೆ ಅದರ ಮೇಲೆ 54 ರೂ. ತೆರಿಗೆ ಸೇರಿಸುವಂತಿಲ್ಲ. ಆದರೆ ಆನ್‌ಲೈನ್ ಬುಕಿಂಗ್ ಫೀ ಬೇರೆ ಸೇವೆ, ಅದಕ್ಕೆ 18% ಬೀಳುತ್ತೆ. ಬಿಲ್ ನೋಡುವಾಗ ಎರಡನ್ನೂ ಬೇರ್ಪಡಿಸಿ ನೋಡಿ.

ಕನ್ವೀನಿಯನ್ಸ್ ಫೀ 708 ರೂ. ವಿಷಯ ಮಾತ್ರ ಜಗಳದ್ದೇ. ‘ಬುಕಿಂಗ್ ಎಂಬ ಸೇವೆ ಕೊಟ್ಟಾಯಿತು’ ಎನ್ನುವುದು ಅವರ ವಾದ. ನಿಮ್ಮ ಕಡೆಯ ವಾದ: ರದ್ದು ಮಾಡಿದವರು ಗ್ರಾಹಕರಲ್ಲ. ಇ-ಕಾಮರ್ಸ್ ನಿಯಮ 4(8)ರಂತೆ, ತಾನು ರದ್ದು ಮಾಡಿದಾಗ ತಾನೂ ಅಂಥದ್ದೇ ಶುಲ್ಕ ಹೊರದಿದ್ದರೆ ಗ್ರಾಹಕನಿಗೆ ರದ್ದತಿ ಶುಲ್ಕ ಹಾಕುವಂತಿಲ್ಲ. ಫೀ ಹಿಡಿದುಕೊಳ್ಳುವುದು ಬೇರೆ ಹೆಸರಿನ ರದ್ದತಿ ಶುಲ್ಕವೇ. ದೂರಿನಲ್ಲಿ ಇದನ್ನು ಪ್ರತ್ಯೇಕ ಬೇಡಿಕೆಯಾಗಿ ಬರೆಯಿರಿ, ಟಿಕೆಟ್ ಮೊತ್ತದಲ್ಲಿ ಕಲಸಬೇಡಿ. ಇದೊಂದು ಬಿದ್ದುಹೋದರೂ ಮಿಕ್ಕ 11,800 ಅಲುಗಾಡಬಾರದು.

ಫೀ ಕೊನೆಯ ಪರದೆಯಲ್ಲಿ ಮಾತ್ರ ಕಾಣಿಸಿಕೊಂಡಿತಾ, ಅಥವಾ ದೇಣಿಗೆ, ವಿಮೆ ಇಂಥದ್ದು ಮೊದಲೇ ಟಿಕ್ ಆಗಿತ್ತಾ ನೋಡಿ. 2023ರ ನವೆಂಬರ್ 30ರಂದು ಬಂದ ಡಾರ್ಕ್ ಪ್ಯಾಟರ್ನ್ (ಆ್ಯಪ್, ವೆಬ್‌ಸೈಟ್‌ನಲ್ಲಿ ಗ್ರಾಹಕರ ದಾರಿ ತಪ್ಪಿಸುವ ವಿನ್ಯಾಸ) ಮಾರ್ಗಸೂಚಿಯ 13 ಪದ್ಧತಿಗಳಲ್ಲಿ ಕೊನೇ ಗಳಿಗೆಯಲ್ಲಿ ಬೆಲೆ ಏರಿಸುವುದೂ, ಕೇಳದೆ ಬುಟ್ಟಿಗೆ ಏನಾದರೂ ಸೇರಿಸುವುದೂ, ‘ಇನ್ನು ಎರಡೇ ಸೀಟು’ ಎಂಬ ಸುಳ್ಳು ಅವಸರವೂ ಸೇರಿವೆ. ಇದನ್ನು ಸಾಬೀತು ಮಾಡಲು ಬುಕಿಂಗ್ ಹೊತ್ತಿನ ಸ್ಕ್ರೀನ್ ರೆಕಾರ್ಡಿಂಗ್ ಬೇಕು. ದೊಡ್ಡ ಕಾರ್ಯಕ್ರಮದ ಬುಕಿಂಗ್ ಮಾಡುವವರು ರೆಕಾರ್ಡಿಂಗ್ ಒತ್ತಿಟ್ಟುಕೊಂಡೇ ಶುರು ಮಾಡುವುದು ಒಳ್ಳೆಯದು.

ಬಂಗಾರಪೇಟೆ_ಸರ್ಕಲ್

ಯುಪಿಐ ದುಡ್ಡಿನ ವಿಷಯ.

1930ಕ್ಕೆ ಕರೆ ಮಾಡುವಾಗ ಕೈಯಲ್ಲಿ ಇರಬೇಕಾದ್ದು: ವಹಿವಾಟಿನ 12 ಅಂಕಿಯ ಯುಟಿಆರ್ ಸಂಖ್ಯೆ, ದಿನಾಂಕ, ಸಮಯ, ಮೊತ್ತ, ಎದುರಿನವರ ಯುಪಿಐ ಐಡಿ, ನಿಮ್ಮ ಬ್ಯಾಂಕ್ ಹೆಸರು. ಎರಡು ಸಲ ಹಾಕಿದ್ದರೆ ಎರಡೂ ಯುಟಿಆರ್ ಹೇಳಿ. ಒಂದನ್ನೇ ಹೇಳಿದರೆ ಇನ್ನೊಂದರ ಹಣ ತಡೆಹಿಡಿಯಲ್ಪಡುವುದಿಲ್ಲ. ಅಲ್ಲಿಂದ ಬ್ಯಾಂಕ್‌ಗಳಿಗೆ ಸಂದೇಶ ಹೋಗಿ, ಆ ಖಾತೆಯಲ್ಲಿ ದುಡ್ಡು ಇನ್ನೂ ಉಳಿದಿದ್ದರೆ ತಡೆ ಬೀಳುತ್ತೆ. ಖಾತೆಯಿಂದ ಖಾತೆಗೆ ದಾಟಿಸುವ ಮುಂಚೆ ಹಿಡಿಯಬೇಕು, ಅದಕ್ಕೇ ಅವಸರ. ನಂತರ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಪೂರ್ಣಗೊಳಿಸಿ, ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ. ತುಮಕೂರಿನಲ್ಲೂ ಕೋಲಾರದಲ್ಲೂ ಜಿಲ್ಲಾ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ ಇದೆ, ಅಲ್ಲಿ ಎಫ್‌ಐಆರ್ ಕೇಳಿ. ತಡೆಹಿಡಿದ ಹಣ ತಾನಾಗಿ ನಿಮ್ಮ ಖಾತೆಗೆ ಬರುವುದಿಲ್ಲ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 503ರಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟ್‌ಗೆ ಅರ್ಜಿ ಹಾಕಿ ಆದೇಶ ತರಬೇಕಾಗಬಹುದು. ಎಫ್‌ಐಆರ್ ಬೇಕಾಗುವುದು ಅದಕ್ಕೇ.

ಬ್ಯಾಂಕ್ ದುಡ್ಡು ತುಂಬಿಕೊಡುತ್ತೆ ಅಂತ ಎಣಿಸಬೇಡಿ. ಗ್ರಾಹಕರ ಹೊಣೆಗಾರಿಕೆ ಕುರಿತ ಆರ್‌ಬಿಐನ 2017ರ ಜುಲೈ ಸುತ್ತೋಲೆ ಬಂದದ್ದು ನಿಮ್ಮ ಒಪ್ಪಿಗೆಯಿಲ್ಲದೆ ನಡೆದ ವಹಿವಾಟಿಗೆ. ಇಲ್ಲಿ ಪಿನ್ ಒತ್ತಿ ಕಳಿಸಿದ್ದು ಖಾತೆದಾರರೇ.

ಕಲಂಗಳು: ಒಂದೇ ಕ್ಯೂಆರ್ ಹಲವರಿಗೆ ಮಾರಿರುವುದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 318(4), ವಂಚನೆ, ಏಳು ವರ್ಷದವರೆಗೆ ಶಿಕ್ಷೆ. ಬೇರೆಯವರ ಹೆಸರು, ಫೋಟೊ ಬಳಸಿದ್ದರೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆ 66ಡಿ ಕೂಡ. ಗುಂಪು ಕಟ್ಟಿಕೊಂಡು ಮಾಡುತ್ತಿದ್ದರೆ ಬಿಎನ್‌ಎಸ್ ಕಲಂ 112 ನೆನಪಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಕಲಂ ‘ಸಣ್ಣ ಸಂಘಟಿತ ಅಪರಾಧ’ಗಳ ಪಟ್ಟಿಯಲ್ಲಿ ಟಿಕೆಟ್‌ಗಳ ಅನಧಿಕೃತ ಮಾರಾಟವನ್ನು ಹೆಸರು ಹಿಡಿದೇ ಸೇರಿಸಿದೆ, ಕನಿಷ್ಠ ಒಂದು ವರ್ಷ ಶಿಕ್ಷೆ. ದೂರಿನಲ್ಲಿ ‘ಇದೇ ಖಾತೆಯಿಂದ ಇಂತಿಷ್ಟು ಜನಕ್ಕೆ ಮಾರಲಾಗಿದೆ’ ಎಂದು ಸಿಕ್ಕಷ್ಟು ಸ್ಕ್ರೀನ್‌ಶಾಟ್ ಜೊತೆಗಿಡಿ. ಮೋಸ ಹೋದ ಇತರರೂ ತಂತಮ್ಮ ಠಾಣೆಯಲ್ಲಿ ದೂರು ಕೊಟ್ಟರೆ ಒಂದೇ ಖಾತೆ ಮೇಲೆ ಹಲವು ದೂರು ಕಾಣಿಸುತ್ತೆ, ಆಗ ಕೇಸ್‌ಗೆ ತೂಕ ಬರುತ್ತೆ.

ಇದನ್ನು ಗ್ರಾಹಕ ಆಯೋಗಕ್ಕೆ ಒಯ್ದರೆ ಪ್ರಯೋಜನ ಕಡಿಮೆ. ನೋಟಿಸ್ ಕಳಿಸಲು ವಿಳಾಸವಿಲ್ಲ. ಮೇಲಾಗಿ ವೃತ್ತಿಯಾಗಿ, ನಿಯತವಾಗಿ ಮಾಡದ ಖಾಸಗಿ ವ್ಯಕ್ತಿಯ ಮಾರಾಟಕ್ಕೆ ಇ-ಕಾಮರ್ಸ್ ನಿಯಮಗಳು ಅನ್ವಯವಾಗುವುದಿಲ್ಲ.

ಶಿರಾಗೇಟ್

ತುಂಬಾ ಉಪಕಾರವಾಯಿತು. 1930ಕ್ಕೆ ಕರೆ ಆಯಿತು, ಎರಡೂ ಯುಟಿಆರ್ ಕೊಟ್ಟಿದ್ದೇವೆ. ಇನ್ನೆರಡು ಪ್ರಶ್ನೆ: ಕ್ಯೂಆರ್ ನಕಲಿಯಲ್ಲದೆ ಅಸಲಿಯೇ ಆಗಿದ್ದರೆ, ರೀಸೇಲ್‌ನಲ್ಲಿ ಕೊಂಡವರು ಆಯೋಜಕರನ್ನು ಕೇಳಬಹುದಿತ್ತಾ? ಮತ್ತೆ, ನಾಲ್ಕು ಟಿಕೆಟ್‌ನಲ್ಲಿ ಎರಡು ಸ್ನೇಹಿತರದ್ದು, ಅವರೂ ಬೇರೆ ದೂರು ಹಾಕಬೇಕಾ?

ಬಿಎಚ್‌ರಸ್ತೆ

ಸ್ನೇಹಿತರು ಬೇರೆ ಹಾಕಬೇಕಿಲ್ಲ. ಕಲಂ 2(7) ಪ್ರಕಾರ ಹಣ ಕೊಟ್ಟವರಷ್ಟೇ ಅಲ್ಲ, ಅವರ ಒಪ್ಪಿಗೆಯಿಂದ ಸೇವೆ ಪಡೆಯುವ ಫಲಾನುಭವಿಯೂ ಗ್ರಾಹಕ. ಬುಕ್ ಮಾಡಿದವರೇ ನಾಲ್ಕಕ್ಕೂ ಸೇರಿಸಿ ಹಾಕಲಿ.

ರೀಸೇಲ್ ಕೊಂಡವರು ಇದೇ ‘ಫಲಾನುಭವಿ’ ಮಾತನ್ನು ಎತ್ತಬಹುದು, ಆದರೆ ದಾರಿ ಕಡಿದು. ಟಿಕೆಟ್ ಷರತ್ತಿನಲ್ಲಿ ‘ವರ್ಗಾಯಿಸುವಂತಿಲ್ಲ’ ಅಂತ ಇರುತ್ತೆ. ಒಂದು ಖಾತೆಗೆ ಇಷ್ಟೇ ಟಿಕೆಟ್ ಎಂಬ ಮಿತಿ ಮೀರಿದ ಬುಕಿಂಗ್‌ಗಳನ್ನು ಆಯೋಜಕರು ರದ್ದು ಮಾಡಿದರೆ ನಿಮ್ಮ ಕೈಲಿರುವ ಅಸಲಿ ಕ್ಯೂಆರ್ ಗೇಟ್‌ನಲ್ಲಿ ಸತ್ತಿರುತ್ತೆ. ಕಾರ್ಯಕ್ರಮವೇ ರದ್ದಾದರೆ ರೀಫಂಡ್ ಹೋಗುವುದು ಮೊದಲು ಕೊಂಡವರ ಕಾರ್ಡ್‌ಗೆ, ಅದೂ ಮುಖಬೆಲೆ 2,500 ಮಾತ್ರ. ನೀವು ಕೊಟ್ಟ 6,000ಕ್ಕೆ ಆಯೋಜಕರ ಬಳಿ ದಾಖಲೆಯೇ ಇಲ್ಲ. ಲಾಭಕ್ಕೆ ಮಾರಲೆಂದೇ ಕೊಂಡವನಿಗಂತೂ ‘ಗ್ರಾಹಕ’ ಅನಿಸಿಕೊಳ್ಳುವುದೇ ಕಷ್ಟ, ವಾಣಿಜ್ಯ ಉದ್ದೇಶವನ್ನು ಕಾಯ್ದೆ ಹೊರಗಿಟ್ಟಿದೆ.

ಇಲ್ಲಿ ನಮ್ಮ ಕಾನೂನಿನಲ್ಲಿ ದೊಡ್ಡ ಕಂದಕವೇ ಇದೆ. ಕಾರ್ಯಕ್ರಮದ ಟಿಕೆಟ್ ಮರುಮಾರಾಟಕ್ಕೆಂದೇ ಕೇಂದ್ರದ ಪ್ರತ್ಯೇಕ ಕಾಯ್ದೆ ಇಲ್ಲ. ಬ್ರಿಟನ್‌ನಲ್ಲಿ 2015ರ ಗ್ರಾಹಕ ಹಕ್ಕು ಕಾಯ್ದೆಯೇ ಮರುಮಾರಾಟಗಾರ ಸೀಟಿನ ವಿವರ, ಮುಖಬೆಲೆ, ನಿರ್ಬಂಧಗಳನ್ನು ತಿಳಿಸಬೇಕು ಎನ್ನುತ್ತೆ. ಅಮೆರಿಕದಲ್ಲಿ ಬಾಟ್ (ತಾನಾಗಿ ಬುಕ್ ಮಾಡುವ ಸಾಫ್ಟ್‌ವೇರ್) ಬಳಸಿ ಟಿಕೆಟ್ ಬಾಚುವುದರ ವಿರುದ್ಧ 2016ರಿಂದ ಕಾನೂನಿದೆ. ನಮ್ಮಲ್ಲಿ 2025ರ ಜನವರಿಯ ಕೋಲ್ಡ್‌ಪ್ಲೇ ಬ್ಯಾಂಡ್ ಕಾರ್ಯಕ್ರಮಗಳ ಟಿಕೆಟ್ ಗಲಾಟೆ ನಂತರ ಬಾಂಬೆ ಹೈಕೋರ್ಟ್‌ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಇದು ಶಾಸಕಾಂಗ ಮಾಡಬೇಕಾದ ಕೆಲಸ ಎಂದು ಅರ್ಜಿ ವಜಾ ಆಯಿತು. ಶಾಸಕಾಂಗ ಇದನ್ನು ಬೇಗ ಕೈಗೆತ್ತಿಕೊಳ್ಳಬೇಕು. ಮುಖಬೆಲೆ ತೋರಿಸುವುದು ಕಡ್ಡಾಯ ಎಂಬ ಒಂದೇ ನಿಯಮ ಬಂದರೂ ಅರ್ಧ ಮೋಸ ನಿಲ್ಲುತ್ತೆ.

ದೂರಿನ ಕ್ರಮ ಹೇಳಿ ಮುಗಿಸುತ್ತೇನೆ. ಇಮೇಲ್‌ಗೆ ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಎಷ್ಟೋ ಸಣ್ಣ ಮೊತ್ತ ಇಲ್ಲೇ ಇತ್ಯರ್ಥವಾಗುತ್ತೆ, ಆದರೆ ಅವರಿಗೆ ಆದೇಶ ಮಾಡುವ ಅಧಿಕಾರವಿಲ್ಲ. ಅದೂ ಆಗದಿದ್ದರೆ ನೋಟಿಸ್. ಕಡ್ಡಾಯವಲ್ಲ, ಆದರೂ ಸ್ಪೀಡ್ ಪೋಸ್ಟ್‌ನಲ್ಲಿ ಇಬ್ಬರಿಗೂ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ನಂತರ ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ದೂರು: ದಿನಾಂಕಗಳ ಪಟ್ಟಿ, ದೂರು, ಅಫಿಡವಿಟ್, ದಾಖಲೆಗಳು. ಟಿಕೆಟ್ ಪಿಡಿಎಫ್, ಎರಡೂ ಇನ್‌ವಾಯ್ಸ್, ಕಾರ್ಡ್ ಸ್ಟೇಟ್‌ಮೆಂಟ್, ಮುಂದೂಡಿಕೆಯ ಸಂದೇಶ, ಬುಕಿಂಗ್ ದಿನ ಇದ್ದ ಷರತ್ತುಗಳ ಪ್ರತಿ (ಆಮೇಲೆ ಬದಲಾಯಿಸಿಬಿಡಬಹುದು, ಈಗಲೇ ಉಳಿಸಿ), ಇಮೇಲ್‌ಗಳು. ಪ್ರಿಂಟ್ ತೆಗೆದ ಡಿಜಿಟಲ್ ದಾಖಲೆಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ ಲಗತ್ತಿಸಿ. ಹಳೇ ಸಾಕ್ಷ್ಯ ಕಾಯ್ದೆಯ 65ಬಿ ನಮೂನೆ ಇಂಟರ್ನೆಟ್‌ನಲ್ಲಿ ಇನ್ನೂ ಓಡಾಡುತ್ತಿದೆ, ಅದನ್ನು ಬಳಸಬೇಡಿ.

ಪರಿಹಾರ ಕೇಳುವಾಗ ಅಳತೆ ಇರಲಿ. 12,508 ರೂ., ಬಡ್ಡಿ, ರಶೀದಿ ಇರುವ ಬಸ್ಸು-ಹೋಟೆಲ್ ಖರ್ಚು, ಮಾನಸಿಕ ಯಾತನೆಗೆ ಒಂದು ಸಾಧಾರಣ ಮೊತ್ತ, ವ್ಯಾಜ್ಯದ ಖರ್ಚು. ಐದು ಲಕ್ಷ ಕೇಳಿದರೆ ನಿಮ್ಮ ಮಾತಿನ ಬೆಲೆಯೇ ಇಳಿಯುತ್ತೆ.

ದೂರಿನ ಪ್ರತಿ ಸಮೇತ ಆಯೋಗದ ನೋಟಿಸ್ ತಲುಪಿದ ದಿನದಿಂದ ಎದುರುದಾರರಿಗೆ ಉತ್ತರಕ್ಕೆ 30 ದಿನ, ಹೆಚ್ಚೆಂದರೆ ಇನ್ನು 15. ಆ 45 ದಿನ ದಾಟಿದರೆ ಅವರ ತಕರಾರು ಸ್ವೀಕರಿಸಲಾಗದು ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ದಿನ ಎಣಿಸಿಟ್ಟುಕೊಂಡು ಅಂದೇ ಎತ್ತಿ ತೋರಿಸಿ. ವಿಚಾರಣೆ ಮೂರು ತಿಂಗಳಲ್ಲಿ ಮುಗಿಯಬೇಕು ಅಂತ ಕಾಯ್ದೆ ಹೇಳಿದರೂ ಅದಕ್ಕಿಂತ ಹೆಚ್ಚು ಹಿಡಿಯುವುದು ಸಾಮಾನ್ಯ. ವಿಡಿಯೊ ಮೂಲಕ ಹಾಜರಾಗಲು ಅರ್ಜಿ ಕೊಡಬಹುದು. ಅವರು ಮೇಲ್ಮನವಿ ಹೋಗಬೇಕಾದರೆ 45 ದಿನದೊಳಗೆ, ಆದೇಶದ ಮೊತ್ತದ ಅರ್ಧ ಠೇವಣಿ ಇಟ್ಟು ಹೋಗಬೇಕು. ಮೇಲ್ಮನವಿಯೂ ಇಲ್ಲ, ದುಡ್ಡೂ ಇಲ್ಲ ಅಂದರೆ ಕಲಂ 71ರಲ್ಲಿ ಜಾರಿ ಅರ್ಜಿ, ಜೊತೆಗೆ ಕಲಂ 72: ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷ ಜೈಲು, ಇಲ್ಲವೇ 25,000ದಿಂದ ಒಂದು ಲಕ್ಷ ದಂಡ, ಇಲ್ಲವೇ ಎರಡೂ.

ಚಿಂತಾಮಣಿ_ಲೆಕ್ಕಪತ್ರ

ಒಂದು ಬಿಟ್ಟುಹೋಗಿತ್ತು. ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದ್ದೀರಿ, ಹಾಗಾಗಿ ಬ್ಯಾಂಕ್‌ನಲ್ಲಿ ‘ಸೇವೆ ದೊರೆತಿಲ್ಲ’ ಎಂಬ ಕಾರಣಕ್ಕೆ ಚಾರ್ಜ್‌ಬ್ಯಾಕ್ (ಬ್ಯಾಂಕ್ ಮೂಲಕ ಮಾರಾಟಗಾರರಿಂದ ದುಡ್ಡು ವಾಪಸ್ ಪಡೆಯುವ ದಾರಿ) ಕೇಳಿ. ಇದಕ್ಕೆ ಕಾರ್ಡ್ ಜಾಲದ ಗಡುವು ಇರುತ್ತೆ, ತಿಂಗಳುಗಟ್ಟಲೆ ಇಮೇಲ್ ಆಟ ಆಡಿಸಿ ಅದನ್ನು ದಾಟಿಸಿಬಿಡುತ್ತಾರೆ. ಆ್ಯಪ್‌ಗೆ ಇಮೇಲ್ ಕಳಿಸಿ 15 ದಿನ ಆದ ಕೂಡಲೇ ಬ್ಯಾಂಕ್‌ಗೂ ಬರೆಯಿರಿ. ಚಾರ್ಜ್‌ಬ್ಯಾಕ್‌ನಲ್ಲಿ ದುಡ್ಡು ಬಂದರೆ ಆಯೋಗದ ದೂರಿನಲ್ಲಿ ಆ ಮೊತ್ತ ಕಳೆದು ತೋರಿಸಬೇಕು, ಮುಚ್ಚಿಡಬಾರದು.

ಬಂಗಾರಪೇಟೆ_ಸರ್ಕಲ್

ಹೋಗಲಾಗದೆ ಟಿಕೆಟ್ ಕೊಟ್ಟುಬಿಡಬೇಕು ಎನ್ನುವವರು ಈ ಥ್ರೆಡ್ ಓದುತ್ತಿದ್ದರೆ: ಆ್ಯಪ್‌ನಲ್ಲೇ ‘ಟ್ರಾನ್ಸ್‌ಫರ್’ ಸೌಲಭ್ಯ ಇದ್ದರೆ ಅದರ ಮೂಲಕವೇ ಕೊಡಿ, ಮುಖಬೆಲೆಗೇ ಕೊಡಿ. ಟ್ರಾನ್ಸ್‌ಫರ್ ಮಾಡಿದಾಗ ಹಳೇ ಕ್ಯೂಆರ್ ರದ್ದಾಗಿ ಪಡೆದವರ ಹೆಸರಿಗೆ ಹೊಸದು ಬರುತ್ತಾ ಅಂತ ಖಾತ್ರಿ ಮಾಡಿಕೊಳ್ಳಿ. ಕ್ಯೂಆರ್ ಕಾಣುವ ಫೋಟೊವನ್ನು ಸ್ಟೇಟಸ್‌ಗೆ, ಗುಂಪಿಗೆ ಹಾಕಲೇಬೇಡಿ. ಗೇಟ್‌ನಲ್ಲಿ ಮೊದಲು ಸ್ಕ್ಯಾನ್ ಆದವರು ಒಳಗೆ, ಎರಡನೆಯವರು ಅಸಲಿ ಮಾಲೀಕರೇ ಆಗಿದ್ದರೂ ಹೊರಗೆ. ಕೊಳ್ಳುವವರೂ ಅಷ್ಟೇ, ಸ್ಕ್ರೀನ್‌ಶಾಟ್‌ಗೆ ದುಡ್ಡು ಕೊಡಬೇಡಿ. ಟಿಕೆಟ್ ನಿಮ್ಮ ಖಾತೆಯೊಳಗೆ ಬಂದು ಕೂತ ಮೇಲೆ ಕೊಡಿ.